ಪ್ರೌಢಶಾಲೆಯಲ್ಲಿ ಸದೃಢತಾ ತರಬೇತಿಯ ಮೌಲ್ಯಮಾಪನ: ದೈಹಿಕ ಶಿಕ್ಷಕರಿಗೊಂದು ಮಾರ್ಗದರ್ಶಿ

ವಲಯ ಮಟ್ಟದ ಕ್ರೀಡಾಕೂಟದಲ್ಲಿ ಪದಕ ತಂದವರಿಗೆ ಎ ಪ್ಲಸ್, ತಂಡದಲ್ಲಿ ಆಡಿದವರಿಗೆ ಎ, ಉಳಿದ ಎಲ್ಲರಿಗೂ ಬಿ ಎಂದು ಬರೆದು ದೈಹಿಕ ಶಿಕ್ಷಣದ ಶ್ರೇಣಿ ತುಂಬುವ ರೂಢಿ ನಮ್ಮ ಕಡೆಯ ಅನೇಕ ಶಾಲೆಗಳಲ್ಲಿದೆ. ಇದರಲ್ಲಿ ಒಂದು ದೊಡ್ಡ ತೊಡಕಿದೆ. ಹುಟ್ಟಿನಿಂದಲೇ ಹಗುರ ಮೈಯಿರುವ, ಹೊಲದ ಬದುವಿನ ಮೇಲೆ ಓಡಾಡಿ ಬೆಳೆದ ಹುಡುಗ ಜೂನ್ ತಿಂಗಳಲ್ಲಿ 600 ಮೀಟರನ್ನು 1 ನಿಮಿಷ 58 ಸೆಕೆಂಡಿನಲ್ಲಿ ಓಡುತ್ತಾನೆ, ಜನವರಿಯಲ್ಲಿ 1 ನಿಮಿಷ 55 ಸೆಕೆಂಡಿನಲ್ಲಿ ಓಡುತ್ತಾನೆ. ಅದೇ ತರಗತಿಯ ಇನ್ನೊಬ್ಬಳು 4 ನಿಮಿಷ 5 ಸೆಕೆಂಡಿನಿಂದ 3 ನಿಮಿಷ 35 ಸೆಕೆಂಡಿಗೆ ಬಂದಿರುತ್ತಾಳೆ. ತರಬೇತಿ ಮಾಡಿದವಳು ಇವಳು, ಶ್ರೇಣಿ ಸಿಕ್ಕದ್ದು ಅವನಿಗೆ. ನಾವು ಕಲಿಸಿದ್ದನ್ನು ಅಳೆಯಬೇಕೇ ಹೊರತು ಮಗು ಮನೆಯಿಂದ ತಂದ ಮೈಕಟ್ಟನ್ನಲ್ಲ ಎಂಬ ನೆಲೆಯಲ್ಲಿ, 8ರಿಂದ 10ನೇ ತರಗತಿಯವರಿಗೆ ಎಂಟು ವಾರಗಳ ತರಬೇತಿ ನಡೆಸಿ ಅದನ್ನು ಮೌಲ್ಯಮಾಪನ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದೆ. ಇದಕ್ಕೆ ಬೇಕಾಗುವುದು ಒಂದು ಸ್ಟಾಪ್‌ವಾಚ್, 30 ಮೀಟರ್ ಟೇಪು, ತೂಕದ ಯಂತ್ರ, ಒಂದು ಚೀಲ ಸುಣ್ಣ ಮತ್ತು ಪ್ರತಿ ವಿದ್ಯಾರ್ಥಿಗೊಂದು ತೆಳುವಾದ ನೋಟ್‌ಬುಕ್ಕು ಮಾತ್ರ.

ಮೊದಲ ಹೆಜ್ಜೆ: ಕಾಲ ಗೊತ್ತುಮಾಡುವುದು

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಬಹುಪಾಲು ಶಾಲಾ ಮೈದಾನಗಳು ಎರೆಮಣ್ಣಿನವು. ಮಳೆ ಬಿದ್ದರೆ ಕಾಲಿಗೆ ಹೆಂಟೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯ್ದೆರೆದ ಬಿರುಕಿನಲ್ಲಿ ಪಾದ ಸಿಕ್ಕಿ ಉಳುಕುತ್ತದೆ. ಬೆಳಗಾವಿಯ ಖಾನಾಪುರದ ಕಡೆಯಂತೂ ಸೆಪ್ಟೆಂಬರ್ ಮುಗಿಯುವವರೆಗೆ ಮೈದಾನವನ್ನು ನಂಬುವಂತಿಲ್ಲ. ಫೆಬ್ರುವರಿ ಕೊನೆಯಿಂದ ಬಿಸಿಲು ಏರತೊಡಗಿ ಏಪ್ರಿಲ್–ಮೇ ಹೊತ್ತಿಗೆ ವಿಜಯಪುರದಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದ್ದರಿಂದ ದಸರಾ ರಜೆ ಮುಗಿದ ಮೇಲೆ ನವೆಂಬರ್ ಮೊದಲ ವಾರದಲ್ಲಿ ಆರಂಭದ ಪರೀಕ್ಷೆ, ಅಲ್ಲಿಂದ ಎಂಟು ವಾರ ತರಬೇತಿ, ಜನವರಿಯ ಮೊದಲ ಪಕ್ಷದಲ್ಲಿ ಅಂತಿಮ ಪರೀಕ್ಷೆ ಎಂದು ಇಟ್ಟುಕೊಳ್ಳುವುದು ಉತ್ತಮ. ಜನವರಿ ದಾಟಿದರೆ ಎಸ್ಸೆಸ್ಸೆಲ್ಸಿ ತಯಾರಿಯ ನೆಪದಲ್ಲಿ ಆಟದ ಅವಧಿ ಗಣಿತದ ಪಾಲಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅವಧಿಗೂ ಒಂದು ಅಡ್ಡಿಯಿದೆ. ಕಬ್ಬು ಕಡಿಯುವ ಹಂಗಾಮು ಇದೇ ತಿಂಗಳುಗಳಲ್ಲಿ ಬರುವುದರಿಂದ ಕೆಲವು ಮಕ್ಕಳು ತಂದೆತಾಯಿಯ ಜೊತೆ ಗುಳೆ ಹೋಗುತ್ತಾರೆ. ಅಂಥವರ ಹೆಸರಿನ ಮುಂದೆ ಗೈರು ಎಂದು ಬರೆದು ಕೈತೊಳೆದುಕೊಳ್ಳದೆ, ಅವರು ಮರಳಿ ಬಂದ ಮೇಲೆ ನಾಲ್ಕು ವಾರದ ಚಿಕ್ಕ ಯೋಜನೆಯನ್ನಾದರೂ ಕೊಟ್ಟು ಅದನ್ನೇ ಅಳೆಯಬೇಕು.

ಎರಡನೆಯ ಹೆಜ್ಜೆ: ಆರೋಗ್ಯದ ವಿಚಾರಣೆ

ಪರೀಕ್ಷೆಗೆ ಒಂದು ವಾರ ಮುಂಚೆ ಪಾಲಕರಿಗೆ ಒಂದು ಚೀಟಿ ಕಳುಹಿಸಿ ಉಬ್ಬಸ, ಹೃದಯದ ತೊಂದರೆ, ಮೂರ್ಛೆ, ಇತ್ತೀಚಿನ ಜ್ವರ ಅಥವಾ ಶಸ್ತ್ರಚಿಕಿತ್ಸೆ ಇದ್ದರೆ ತಿಳಿಸುವಂತೆ ಕೇಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದು ಹೋದಾಗ ಬರೆದಿಟ್ಟ ವಿವರವೂ ಕಚೇರಿಯಲ್ಲಿರುತ್ತದೆ, ಅದನ್ನೊಮ್ಮೆ ತೆರೆದು ನೋಡಬೇಕು. ಬಿಸಿಯೂಟವಾಗಿ ಎರಡು ತಾಸು ಕಳೆಯದೆ ಯಾರನ್ನೂ ಓಡಿಸಬಾರದು. ಉಪವಾಸವಿದ್ದವರಿಗೆ, ರೋಜಾ ಹಿಡಿದವರಿಗೆ, ಮುಟ್ಟಿನ ನೋವಿರುವವರಿಗೆ ಬೇರೆ ದಿನ ಕೊಡಬೇಕು ಮತ್ತು ಕಾರಣವನ್ನು ಎಲ್ಲರೆದುರು ಕೇಳಬಾರದು. ಓಡುವಾಗ ಎದೆನೋವು, ತಲೆಸುತ್ತು ಅಥವಾ ಅತಿಯಾದ ಏದುಸಿರು ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು.

ಮೂರನೆಯ ಹೆಜ್ಜೆ: ಮೈದಾನವನ್ನು ಅಳೆಯುವುದು

ಈ ಹೆಜ್ಜೆಯಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲ ಅಂಕಿಗಳೂ ಹುಸಿಯಾಗುತ್ತವೆ. 200 ಮೀಟರ್ ಟ್ರ್ಯಾಕಿಗೆ ಜಾಗವಿರುವ ಶಾಲೆಗಳು ಕಡಿಮೆ. ಆದರೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಆಯತ ಹಾಕಿದರೆ ಒಂದು ಸುತ್ತಿಗೆ 120 ಮೀಟರಾಗುತ್ತದೆ, ಐದು ಸುತ್ತಿಗೆ 600 ಮೀಟರ್ ಸರಿಹೋಗುತ್ತದೆ. ಸ್ವಲ್ಪ ಹೆಚ್ಚು ಜಾಗವಿದ್ದರೆ 50ಕ್ಕೆ 25 ಮೀಟರಿನ ಆಯತದಲ್ಲಿ ನಾಲ್ಕು ಸುತ್ತು ಸಾಕು. ಮೂಲೆಗಳು ನೇರವಾಗಿವೆಯೇ ಎಂದು ತಿಳಿಯಲು ಎರಡೂ ಕರ್ಣಗಳನ್ನು ಅಳೆಯಬೇಕು. 40ಕ್ಕೆ 20ರ ಆಯತದಲ್ಲಿ ಎರಡೂ ಸುಮಾರು 44 ಮೀಟರ್ 72 ಸೆಂಟಿಮೀಟರ್ ಬರಬೇಕು. ಮೂಲೆಗಳಲ್ಲಿ ಗೂಟ ಹೊಡೆದು ಗುರುತನ್ನು ಜನವರಿಯವರೆಗೆ ಉಳಿಸಿಕೊಳ್ಳಬೇಕು, ಏಕೆಂದರೆ ಚಿಕ್ಕ ಆಯತದ ಮೂಲೆಗಳಲ್ಲಿ ತಿರುಗುವಾಗ ವೇಗ ಕುಗ್ಗುತ್ತದೆ. ಆರಂಭದ ಪರೀಕ್ಷೆಯನ್ನು ಇಲ್ಲಿ ನಡೆಸಿ ಅಂತಿಮ ಪರೀಕ್ಷೆಯನ್ನು ತಾಲ್ಲೂಕು ಕ್ರೀಡಾಂಗಣದಲ್ಲಿ ನಡೆಸಿದರೆ ಮಗುವಿನ ಸುಧಾರಣೆ ಎಷ್ಟು, ಮೈದಾನದ ಕೊಡುಗೆ ಎಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ.

50 ಮೀಟರ್ ಓಟದಲ್ಲಿ ಸಮಯ ಹಿಡಿಯುವವರು ಗುರಿಯ ಗೆರೆಯ ಬಳಿ ನಿಂತಿರುತ್ತಾರೆ. ಸೀಟಿಯ ಸದ್ದು ಅವರ ಕಿವಿಗೆ ಮುಟ್ಟಲು ಸುಮಾರು 0.15 ಸೆಕೆಂಡು ಬೇಕು, ಇಷ್ಟು ಚಿಕ್ಕ ಓಟದಲ್ಲಿ ಅದು ಕಡೆಗಣಿಸುವ ಅಂತರವಲ್ಲ. ಹಾಗಾಗಿ ಓಟ ಬಿಡುವವರು ಬಾವುಟವನ್ನೋ ಕೈಯನ್ನೋ ಕೆಳಗಿಳಿಸಬೇಕು, ಗಡಿಯಾರ ಹಿಡಿದವರು ಅದನ್ನು ಕಂಡು ಗುಂಡಿ ಒತ್ತಬೇಕು. ಎರಡೂ ಬಾರಿ ಗಡಿಯಾರ ಹಿಡಿಯುವವರು ಒಬ್ಬರೇ ಆಗಿದ್ದರೆ ಇನ್ನೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಆರಂಭದ ಪರೀಕ್ಷೆ

ಯಾವ ಪರೀಕ್ಷೆಗಳನ್ನು ಆರಿಸಬೇಕೆಂದು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಆಂದೋಲನ ಆರಂಭವಾಯಿತು, ಖೇಲೋ ಇಂಡಿಯಾದ ಶಾಲಾ ಸದೃಢತಾ ಪರೀಕ್ಷೆಗಳೂ ಆಗಿನಿಂದ ಶಾಲೆಗಳಿಗೆ ಪರಿಚಿತವಾಗಿವೆ. 4ನೇ ತರಗತಿಯಿಂದ ಮೇಲಿನವರಿಗೆ ಅದರಲ್ಲಿರುವುದು ದೇಹ ತೂಕ ಸೂಚ್ಯಂಕ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂದಕ್ಕೆ ಕೈ ಚಾಚುವುದು, 30 ಸೆಕೆಂಡಿನ ಅರ್ಧ ಸಿಟ್‌ಅಪ್, ಮತ್ತು ಪುಶ್‌ಅಪ್. ಹುಡುಗಿಯರಿಗೆ ಮೊಣಕಾಲೂರಿ ಮಾಡುವ ಪುಶ್‌ಅಪ್ ಇದೆ. ಪೂರ್ಣ ಪುಶ್‌ಅಪ್ ಮಾಡಬಲ್ಲ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರನ್ನು ತಡೆಯಬೇಕಾಗಿಲ್ಲ. ಆದರೆ ಯಾವ ಬಗೆಯದನ್ನು ಮಾಡಿದರೆಂದು ಬರೆದಿಟ್ಟು ಅಂತಿಮ ಪರೀಕ್ಷೆಯಲ್ಲೂ ಅದನ್ನೇ ಮಾಡಿಸಬೇಕು.

ತೂಕ ಮತ್ತು ಎತ್ತರವನ್ನು ಒಬ್ಬೊಬ್ಬರನ್ನೇ ಕೊಠಡಿಯೊಳಗೆ ಕರೆದು ಅಳೆಯಬೇಕು. ಅಂಕಿಯನ್ನು ಕೂಗಿ ಹೇಳಿ ಇನ್ನೊಬ್ಬರಿಂದ ಬರೆಯಿಸುವ ಪದ್ಧತಿಯಿಂದ ಒಂದು ಅಡ್ಡಹೆಸರು ಹುಟ್ಟಿ ಆ ಮಗುವಿಗೆ ವರ್ಷವಿಡೀ ಅಂಟಿಕೊಳ್ಳುತ್ತದೆ. ಯಂತ್ರವನ್ನು ಕಡಪಾ ಕಲ್ಲಿನ ಅಥವಾ ಸಿಮೆಂಟಿನ ಸಮನೆಲದ ಮೇಲಿಡಬೇಕು. 38 ಕಿಲೋ ತೂಕ, 1.48 ಮೀಟರ್ ಎತ್ತರವಿದ್ದರೆ 38ನ್ನು ಎತ್ತರದ ವರ್ಗವಾದ 2.19ರಿಂದ ಭಾಗಿಸಿದಾಗ ಸೂಚ್ಯಂಕ 17.3 ಬರುತ್ತದೆ. ವಯಸ್ಕರ 18.5ರ ಗೆರೆಯನ್ನು ನೆನೆದು ಈ ಮಗುವನ್ನು ನಿಶ್ಶಕ್ತರ ಪಟ್ಟಿಗೆ ಸೇರಿಸಿಬಿಡುವುದುಂಟು. 13 ವರ್ಷದ ಮಗುವಿಗೆ 17.3 ಸಹಜ ಮಿತಿಯೊಳಗಿನ ಅಂಕಿ. ಮಕ್ಕಳ ಸೂಚ್ಯಂಕವನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಕೋಷ್ಟಕದಲ್ಲಿಯೇ ನೋಡಬೇಕು ಮತ್ತು ಅದಕ್ಕೆ ಯಾವ ಕಾರಣಕ್ಕೂ ಅಂಕ ಕೊಡಬಾರದು.

ಬೂಟು ಹಾಕಿ ಓಡಿದವರು ಅಂತಿಮ ಪರೀಕ್ಷೆಯಲ್ಲೂ ಬೂಟು ಹಾಕಬೇಕು, ಬರಿಗಾಲಲ್ಲಿ ಓಡಿದವರು ಬರಿಗಾಲಲ್ಲೇ ಓಡಬೇಕು. ಹೊತ್ತೂ ಅದೇ ಇರಬೇಕು. ಶನಿವಾರ ಬೆಳಗಿನ ಶಾಲೆಯ ದಿನ ಪ್ರಾರ್ಥನೆ ಮುಗಿದೊಡನೆ ಹತ್ತು ನಿಮಿಷ ಮೈ ಬಿಸಿ ಮಾಡಿಸಿ ಪರೀಕ್ಷೆ ಆರಂಭಿಸಿದರೆ ಎರಡೂ ಬಾರಿ ಹೆಚ್ಚುಕಡಿಮೆ ಒಂದೇ ಹವೆ ಸಿಗುತ್ತದೆ.

ಐದನೆಯ ಹೆಜ್ಜೆ: ಅದೇ ಪರೀಕ್ಷೆ ಮತ್ತೊಮ್ಮೆ

ಇದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ತರಬೇತಿ ಆರಂಭಿಸುವ ಮೊದಲೇ, ಎರಡು ಮೂರು ದಿನ ಬಿಟ್ಟು, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಮೊದಲ ಸಲ 600 ಮೀಟರನ್ನು 3 ನಿಮಿಷ 12 ಸೆಕೆಂಡಿನಲ್ಲಿ ಓಡಿದ ವಿದ್ಯಾರ್ಥಿನಿ ಎರಡನೆಯ ಸಲ 3 ನಿಮಿಷ 5 ಸೆಕೆಂಡಿನಲ್ಲಿ ಮುಗಿಸಬಹುದು. ಈ 7 ಸೆಕೆಂಡು ತರಬೇತಿಯ ಫಲವಲ್ಲ. ಮೊದಲ ಸುತ್ತಿನಲ್ಲೇ ಜೀವ ಬಿಟ್ಟು ಓಡಬಾರದೆಂಬುದು ಅವಳಿಗೆ ತಿಳಿಯಿತು, ಅಷ್ಟೆ. ತರಗತಿಯ ಎಲ್ಲರ ಇಂಥ ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನ ಸಂಖ್ಯೆಯನ್ನು ಹಿಡಿಯಬೇಕು. ಅದು 6 ಸೆಕೆಂಡು ಬಂದರೆ, ಜನವರಿಯಲ್ಲಿ 4 ಸೆಕೆಂಡು ಕಡಿಮೆಯಾದದ್ದನ್ನು ಸುಧಾರಣೆ ಎನ್ನಲು ಬರುವುದಿಲ್ಲ. 12 ಸೆಕೆಂಡಿಗಿಂತ ಹೆಚ್ಚು ಕಡಿಮೆಯಾಗಿದ್ದರೆ ಧೈರ್ಯವಾಗಿ ಹೇಳಬಹುದು. ಎರಡನೆಯ ದಿನದ ಅಂಕಿಯನ್ನೇ ಆರಂಭದ ಅಂಕಿಯೆಂದು ದಾಖಲಿಸಬೇಕು. ಆರಂಭದ ಸಾಧನೆ ಕಳಪೆಯಾದಷ್ಟೂ ಕೊನೆಗೆ ಸುಧಾರಣೆ ದೊಡ್ಡದಾಗಿ ಕಾಣುತ್ತದೆಂದು ಲೆಕ್ಕ ಹಾಕಿ ಬೇಕೆಂದೇ ನಿಧಾನವಾಗಿ ಓಡುವ ಜಾಣರೂ ಇರುತ್ತಾರೆ, ಎರಡು ಸಲ ಓಡಿಸಿದರೆ ಅವರೂ ಸಿಕ್ಕಿಬೀಳುತ್ತಾರೆ.

ಆರನೆಯ ಹೆಜ್ಜೆ: ಯೋಜನೆಯನ್ನು ವಿದ್ಯಾರ್ಥಿಯೇ ಬರೆಯುವುದು

ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ನೋಡಿ ಒಂದೇ ಒಂದು ಗುರಿಯನ್ನು ಆರಿಸಿಕೊಂಡು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಎಷ್ಟು ಬಿರುಸಾಗಿ, ಯಾವ ವ್ಯಾಯಾಮ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. 3 ನಿಮಿಷ 5 ಸೆಕೆಂಡಿನ ಆ ವಿದ್ಯಾರ್ಥಿನಿಯ ಯೋಜನೆ ಹೀಗಿರಬಹುದು: ವಾರಕ್ಕೆ ಮೂರು ದಿನದಂತೆ, ಮೊದಲ ಎರಡು ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು 10 ನಿಮಿಷ, ಮುಂದಿನ ಎರಡು ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು 12 ನಿಮಿಷ, ಐದು ಮತ್ತು ಆರನೆಯ ವಾರ ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು 15 ನಿಮಿಷ, ಏಳನೆಯ ವಾರ 12 ನಿಮಿಷ ಎಡೆಬಿಡದ ಓಟ, ಎಂಟನೆಯ ವಾರ ಹಗುರ ಅಭ್ಯಾಸ. ಭಾರವನ್ನು ಮೆಲ್ಲಗೆ ಏರಿಸಿದ್ದಾಳೆಯೇ, ಗುರಿಗೂ ವ್ಯಾಯಾಮಕ್ಕೂ ಸಂಬಂಧವಿದೆಯೇ ಎಂಬ ಎರಡನ್ನು ಶಿಕ್ಷಕರು ನೋಡಿದರೆ ಸಾಕು. ಓಟದ ಗುರಿ ಇಟ್ಟುಕೊಂಡು ಎಂಟು ವಾರವೂ ಪುಶ್‌ಅಪ್ ಬರೆದ ಯೋಜನೆಯನ್ನು ತಿದ್ದಲು ಹಿಂದಿರುಗಿಸಬೇಕು.

ತೋಳು, ಕಾಲಿನ ಬಲದ ಗುರಿಯವರಿಗೆ ಜಿಮ್ಮಿನ ಸಾಮಾನು ಬೇಕೆಂದೇನಿಲ್ಲ. ಗರಡಿಮನೆಗಳ ಪರಂಪರೆ ಇನ್ನೂ ಉಳಿದಿರುವ ಈ ಮೂರು ಜಿಲ್ಲೆಗಳಲ್ಲಿ ದಂಡ, ಬೈಠಕ್ ಎಂದರೇನೆಂದು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಮನೆಯಲ್ಲಿ ಅಜ್ಜನೋ ಕಾಕಾನೋ ಸಾಮು ಮಾಡಿದವರಿರುತ್ತಾರೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿ ಬಂದ ಹುಡುಗ ಮರುದಿನವೇ ಜೋಳದ ಚೀಲಕ್ಕೆ ಕೈ ಹಾಕುವುದನ್ನು ಮಾತ್ರ ತಡೆಯಬೇಕು. ಈ ವಯಸ್ಸಿನಲ್ಲಿ ತನ್ನ ಮೈಭಾರವೇ ಸಾಕಷ್ಟು ಭಾರ. ಇನ್ನೊಂದು ಮಾತು: ತಡವಾಗಿ ಬಂದವರಿಗೆ ಬಸ್ಕಿ ಹೊಡೆಸುವ ಶಾಲೆಯಲ್ಲಿ ಬೈಠಕನ್ನು ತರಬೇತಿಯೆಂದು ಯಾವ ಮಗುವೂ ಮನಸ್ಸಿಟ್ಟು ಮಾಡುವುದಿಲ್ಲ. ಮುಖ್ಯ ಗುರುಗಳೊಡನೆ ಮಾತಾಡಿ ಆ ಶಿಕ್ಷೆಯನ್ನು ನಿಲ್ಲಿಸಿಯೇ ತರಬೇತಿ ಆರಂಭಿಸಬೇಕು.

ಅಂಗವೈಕಲ್ಯವಿರುವ ಮಗುವನ್ನು ನೆರಳಿನಲ್ಲಿ ಕೂರಿಸಿ ಅಂಕ ಬರೆಯಲು ಹಚ್ಚುವುದನ್ನು ಬಿಡಬೇಕು. ಅದರ ಶಕ್ತಿಗೆ ಹೊಂದುವ ಒಂದು ಗುರಿಯನ್ನು ಜೊತೆಗೆ ಕುಳಿತು ಬರೆದುಕೊಟ್ಟರೆ ಇಲ್ಲಿಯ ಉಳಿದೆಲ್ಲ ಹೆಜ್ಜೆಗಳು ಅದಕ್ಕೂ ಅನ್ವಯಿಸುತ್ತವೆ.

ಏಳನೆಯ ಹೆಜ್ಜೆ: ದಿನಚರಿ ಮತ್ತು ನಾಡಿ

ವಾರದ ಮೂರು ದಿನಗಳಲ್ಲಿ ಎಲ್ಲವೂ ಶಾಲೆಯ ಅವಧಿಯಲ್ಲಿ ಕೂಡುವುದಿಲ್ಲ, ಒಂದಾದರೂ ಮನೆಯ ಪಾಲಿಗೆ ಬರುತ್ತದೆ. ಅದಕ್ಕಾಗಿಯೇ ದಿನಚರಿ. ಪ್ರತಿ ಸಲವೂ ದಿನಾಂಕ, ಮಾಡಿದ್ದು, ಎಣಿಕೆ ಅಥವಾ ನಿಮಿಷ, ವ್ಯಾಯಾಮದ ಮುಂಚಿನ ಮತ್ತು ನಿಲ್ಲಿಸಿದ ಕೂಡಲೇ ಇದ್ದ ನಾಡಿ ಬಡಿತ, ಒಂದು ನಿಮಿಷದ ನಂತರದ ಬಡಿತ, ಒಂದರಿಂದ ಹತ್ತರೊಳಗೆ ಎಷ್ಟು ದಣಿವಾಯಿತು ಎಂಬುದನ್ನು ಬರೆಯಬೇಕು. ನಾಡಿಯನ್ನು ಹೆಬ್ಬೆರಳಿನಿಂದ ಹಿಡಿಯಬಾರದು, ಅದರೊಳಗಿನ ಬಡಿತವೇ ಗೊಂದಲ ಮಾಡುತ್ತದೆ. ತೋರುಬೆರಳು ಮತ್ತು ನಡುಬೆರಳನ್ನು ಮಣಿಕಟ್ಟಿನ ಮೇಲೋ ಕುತ್ತಿಗೆಯ ಪಕ್ಕದಲ್ಲೋ ಮೆಲ್ಲಗೆ ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. 36 ಬಂದರೆ ನಿಮಿಷಕ್ಕೆ 144. ಎಂಟು ವಾರದಲ್ಲಿ ಅದೇ ಓಟಕ್ಕೆ ಬಡಿತ ಕಡಿಮೆ ಏರುತ್ತಿದ್ದರೆ, ಒಂದು ನಿಮಿಷದ ವಿಶ್ರಾಂತಿಯಲ್ಲಿ ಬೇಗ ಇಳಿಯುತ್ತಿದ್ದರೆ, ಗಡಿಯಾರದ ಅಂಕಿ ಹೆಚ್ಚು ಬದಲಾಗದಿದ್ದರೂ ತರಬೇತಿ ಕೆಲಸ ಮಾಡಿದೆ ಎಂದೇ ಅರ್ಥ.

220ರಿಂದ ವಯಸ್ಸನ್ನು ಕಳೆಯುವ ಸೂತ್ರ ವಯಸ್ಕರಿಗಾಗಿ ಹುಟ್ಟಿದ್ದು, ಮಕ್ಕಳಿಗೆ ಅದನ್ನು ಹಚ್ಚದಿರುವುದೇ ಲೇಸು. ಓಡುತ್ತ ಗೆಳತಿಯೊಡನೆ ಎರಡು ಮಾತಾಡಲು ಬರಬೇಕು, ಹಾಡಲು ಬರಬಾರದು. ಮಧ್ಯಮ ಬಿರುಸಿಗೆ ಈ ಅಳತೆ ಸಾಕು.

ದಿನಚರಿಯನ್ನು ವಾರಕ್ಕೊಮ್ಮೆ ನೋಡಿ ಸಹಿ ಹಾಕಬೇಕು. ಪ್ರತಿ ದಿನವೂ 144 ಎಂದೇ ಬರೆದಿದ್ದರೆ ಅದು ಭಾನುವಾರ ರಾತ್ರಿ ಒಂದೇ ಪೆನ್ನಿನಲ್ಲಿ ಬರೆದದ್ದು. ಬೈಯುವ ಬದಲು ಮೈದಾನಕ್ಕೆ ಕರೆದು ಅದೇ ವ್ಯಾಯಾಮ ಮಾಡಿಸಿ ಎದುರಿಗೇ ಎಣಿಸಲು ಹೇಳಿದರೆ ಮುಂದಿನ ವಾರದಿಂದ ದಿನಚರಿ ತಾನೇ ಸರಿಯಾಗುತ್ತದೆ.

ನಿಯಮಿತವಾಗಿ ಅಭ್ಯಾಸ ಮಾಡಿದರೂ ಬೇಗ ಸುಸ್ತಾಗುವ, ಬಡಿತ ತಡವಾಗಿ ಇಳಿಯುವ, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಚಿಕೊಂಡ ಹುಡುಗಿ ಕಂಡರೆ ಅದು ರಕ್ತಹೀನತೆ ಇರಬಹುದು. ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣಾಂಶದ ಮಾತ್ರೆಯನ್ನು ನುಂಗುತ್ತಿದ್ದಾಳೋ ಕಿಟಕಿಯಾಚೆ ಎಸೆಯುತ್ತಿದ್ದಾಳೋ ವಿಚಾರಿಸಿ, ಪಾಲಕರಿಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಅವಳ ಕಡಿಮೆ ಅಂಕಿಗೆ ಕಡಿಮೆ ಶ್ರೇಣಿ ಕೊಡುವುದು ಅನ್ಯಾಯ.

ಎಂಟನೆಯ ಹೆಜ್ಜೆ: ಭಂಗಿಯನ್ನು ಗಮನಿಸುವುದು

ಎಣಿಕೆಯನ್ನು ಜೊತೆಗಾರರಿಗೆ ಬಿಟ್ಟು ಶಿಕ್ಷಕರು ಭಂಗಿಯನ್ನು ನೋಡಬೇಕು. ಒಂದು ಅವಧಿಯಲ್ಲಿ ನಲವತ್ತು ಮಂದಿಯನ್ನು ನೋಡಲಾಗದು, ಎಂಟು ಜನರನ್ನು ಆರಿಸಿಕೊಂಡರೆ ಐದು ಅವಧಿಗಳಲ್ಲಿ ತರಗತಿ ಮುಗಿಯುತ್ತದೆ. ಪುಶ್‌ಅಪ್‌ನಲ್ಲಿ ನೋಡಬೇಕಾದದ್ದು ಮೂರೇ: ತಲೆಯಿಂದ ಹಿಮ್ಮಡಿಯವರೆಗೆ ಮೈ ನೇರವಾಗಿದೆಯೇ, ಮೊಣಕೈ ಸಮಕೋನಕ್ಕೆ ಬಾಗುತ್ತಿದೆಯೇ, ಮೇಲೆದ್ದಾಗ ಕೈ ಪೂರ್ತಿ ಚಾಚುತ್ತಿದೆಯೇ. ಸೊಂಟ ಜೋತುಬಿದ್ದಾಗ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ ಮಾಡಿ ತೋರಿಸಿದ್ದರೆ ಎಣಿಸುವ ಮಕ್ಕಳು ಶಿಕ್ಷಕರಿಗಿಂತ ಕಟ್ಟುನಿಟ್ಟಾಗುತ್ತಾರೆ. ‘ಹನ್ನೊಂದು... ಹನ್ನೊಂದು... ಇದೂ ಹನ್ನೊಂದ ಐತಿ, ಸೊಂಟ ಎತ್ತಲೇ’ ಎಂದು ಗೆಳೆಯನನ್ನೇ ತಡೆಯುವ ಹುಡುಗನಿಗೆ ಸರಿಯಾದ ಭಂಗಿ ಅರ್ಥವಾಗಿದೆ, ಅವನ ಹೆಸರಿನ ಮುಂದೆಯೂ ಒಂದು ಟಿಪ್ಪಣಿ ಬರೆದುಕೊಳ್ಳಬೇಕು.

ಒಂಬತ್ತನೆಯ ಹೆಜ್ಜೆ: ಅಂತಿಮ ಪರೀಕ್ಷೆ, ಅಂಕಿಗಳ ಓದು

ಜನವರಿಯಲ್ಲಿ ಅದೇ ಮೈದಾನ, ಅದೇ ಹೊತ್ತು, ಅದೇ ಪಾದರಕ್ಷೆ, ಅದೇ ಕ್ರಮ. ಬಂದ ಅಂಕಿಗಳನ್ನು ಓದುವಾಗ ಎರಡು ಸಂಗತಿಗಳು ನೆನಪಿರಬೇಕು. ಮೊದಲನೆಯದು, ಈಗಾಗಲೇ ಚೆನ್ನಾಗಿ ಓಡುವವರಿಗೆ ಸುಧಾರಣೆಯ ಜಾಗ ಕಡಿಮೆ. 245 ಸೆಕೆಂಡಿನಿಂದ 215ಕ್ಕೆ ಇಳಿದವಳದು ಶೇ 12ರ ಸುಧಾರಣೆ, 118ರಿಂದ 115ಕ್ಕೆ ಇಳಿದವನದು ಶೇ 2.5. ಆದರೆ ಆ ಮಟ್ಟದಲ್ಲಿ ಮೂರು ಸೆಕೆಂಡು ಕಡಿಮೆ ಮಾಡುವುದು ಹುಡುಗಾಟವಲ್ಲ. ಶೇಕಡಾವಾರು ಲೆಕ್ಕವೊಂದನ್ನೇ ಹಿಡಿದರೆ ಹಳೆಯ ಅನ್ಯಾಯ ತಲೆಕೆಳಗಾಗಿ ನಿಲ್ಲುತ್ತದೆ, ಅಷ್ಟೆ. ಎರಡನೆಯದು ಬೆಳವಣಿಗೆ. ಹುಡುಗಿಯರು ಸುಮಾರು 12, ಹುಡುಗರು ಸುಮಾರು 14ರ ವಯಸ್ಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆಗ ಕಾಲಿನ ಎಲುಬು ಮೊದಲು ಉದ್ದವಾಗಿ ಕೈ ಚಾಚುವ ಪರೀಕ್ಷೆಯಲ್ಲಿ ಕೆಲವರ ಅಂಕಿ ಕೆಳಗಿಳಿಯುವುದುಂಟು. ಕೆಲವು ಹುಡುಗರ ಬಲವಾದರೋ ತರಬೇತಿ ಇಲ್ಲದೆಯೂ ಹೆಚ್ಚುತ್ತದೆ. ಜನವರಿಯಲ್ಲಿ ಎತ್ತರವನ್ನು ಮತ್ತೊಮ್ಮೆ ಅಳೆಯಬೇಕಾದದ್ದು ಈ ಕಾರಣಕ್ಕೆ.

ಹತ್ತನೆಯ ಹೆಜ್ಜೆ: ಅಂಕ ಹಂಚಿಕೆ

ಒಟ್ಟು 25 ಅಂಕಗಳಲ್ಲಿ ಯೋಜನೆಗೆ 5, ದಿನಚರಿ ಮತ್ತು ನಿಯಮಿತ ಅಭ್ಯಾಸಕ್ಕೆ 7, ಭಂಗಿಗೆ 6, ಅಳತೆಯಲ್ಲಿ ಕಂಡ ಸುಧಾರಣೆಗೆ 3, ಕೊನೆಯ ವಿವರಣೆಗೆ 4 ಎಂದು ಹಂಚಬಹುದು. ಸುಧಾರಣೆಗೆ ಮೂರೇ ಅಂಕವೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಮೇಲೆ ಹೇಳಿದ ಬೆಳವಣಿಗೆ, ರಕ್ತಹೀನತೆ, ಹವೆ, ಗಡಿಯಾರ ಹಿಡಿದವರ ಕೈ ಇವೆಲ್ಲ ಸೇರಿ ಆ ಅಂಕಿಯನ್ನು ಅಲುಗಾಡಿಸುವಾಗ ಅದರ ಮೇಲೆ ಇದಕ್ಕಿಂತ ಹೆಚ್ಚಿನ ಭಾರ ಹೊರಿಸುವುದು ಸರಿಯಲ್ಲ ಎಂಬುದು ನನ್ನ ನಿಲುವು. ಆರಂಭದಲ್ಲೇ ಉತ್ತಮ ಮಟ್ಟದಲ್ಲಿದ್ದು ಅದನ್ನು ಉಳಿಸಿಕೊಂಡವರಿಗೂ ಆ ಮೂರು ಅಂಕ ಸಲ್ಲಬೇಕು. ಈ 25ನ್ನು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ದಾಖಲೆಯಲ್ಲಿರುವ ಶ್ರೇಣಿಗೆ ಹೊಂದಿಸಿಕೊಳ್ಳುವುದು ಸುಲಭ.

ವಿವರಣೆಯೆಂದರೆ ಪ್ರತಿಯೊಬ್ಬರೊಡನೆ ಎರಡು ಮೂರು ನಿಮಿಷದ ಮಾತುಕತೆ. ದಿನಚರಿ ತೆರೆದಿಟ್ಟು, ಅಂಕಿ ಏಕೆ ಹೀಗೆ ಬಂತು ಎಂದು ಕೇಳಬೇಕು. ‘ಆರನೇ ವಾರ ಜ್ವರ ಬಂದಿತ್ತರಿ ಸರ್, ಎಂಟು ದಿನ ಬಿಟ್ಟಿದ್ದೆ. ಮತ್ತ ಸುರು ಮಾಡಿದಾಗ ನಾಲ್ಕು ನಿಮಿಷ ಓಡಾಕ ಆಗಲಿಲ್ಲ, ಅದಕ್ಕ ಎರಡಕ್ಕ ಇಳಿಸಿಕೊಂಡೆ’ ಎಂದವನ ಸಮಯ ಒಂದು ಸೆಕೆಂಡೂ ಸುಧಾರಿಸದಿರಬಹುದು. ಬಿಟ್ಟು ಹಿಡಿದಾಗ ಭಾರ ಇಳಿಸಬೇಕೆಂಬುದನ್ನು ಅವನು ಕಲಿತಿದ್ದಾನೆ, ನಾಲ್ಕಕ್ಕೆ ನಾಲ್ಕೂ ಅವನವೇ. ‘ಗೊತ್ತಿಲ್ರಿ ಸರ್, ಹಂಗ ಬಂತು’ ಎನ್ನುವ ಪದಕ ವಿಜೇತನಿಗೆ ಒಂದು ಸಾಕು.

ಕೊನೆಯದಾಗಿ, ಪಾಲಕರ ಸಭೆಗೆ ಕೊಡುವ ಹಾಳೆಯಲ್ಲಿ ಮಗುವಿನ ಆರಂಭದ ಮತ್ತು ಅಂತಿಮ ಅಂಕಿ, ದಿನಚರಿಯಲ್ಲಿ ದಾಖಲಾದ ಅಭ್ಯಾಸದ ದಿನಗಳು ಹಾಗೂ ಮುಂದೆ ಮಾಡಬೇಕಾದ ಒಂದು ಕೆಲಸ ಇಷ್ಟನ್ನೇ ಬರೆಯಬೇಕು. ತರಗತಿಯಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನು ಬರೆಯಬಾರದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಏಪ್ರಿಲ್–ಮೇ ರಜೆಯಲ್ಲಿ ಬಿಸಿಲೇರುವ ಮುಂಚೆ, ಬೆಳಿಗ್ಗೆ ಏಳರೊಳಗೆ, ಇದರಲ್ಲಿ ಅರ್ಧದಷ್ಟಾದರೂ ಮುಗಿಸಲು ಸೂಚಿಸಬೇಕು. ದಿನಚರಿಯ ಪುಸ್ತಕವನ್ನು ವಿದ್ಯಾರ್ಥಿಯ ಕೈಗೆ ಮರಳಿಸಿ, ಅಂಕಿಗಳ ಒಂದು ಪ್ರತಿಯನ್ನು ಶಾಲೆಯ ಕಡತದಲ್ಲಿ ಇಟ್ಟುಕೊಳ್ಳಬೇಕು. 8ನೇ ತರಗತಿಯವರದಾದರೆ ಮುಂದಿನ ನವೆಂಬರಿನ ಆರಂಭದ ಪರೀಕ್ಷೆಯ ದಿನ ಆ ಪ್ರತಿ ಮೇಜಿನ ಮೇಲಿರಬೇಕು.